ಮೊಣಕಾಲ ನೋಡಿ ಕೊಟ್ಟ ಅರ್ಧ ಟಿಕೆಟ್

ನಾ ಮೊದಲ ಸಲ ಫುಟ್‌ಬಾಲ್ ಮೈದಾನಕ್ಕ ಹೋದಾಗ ಗೇಟಿನ್ಯಾಗನ ಜಗಳಾ ತಗದೆ. ಅದೂ ಎದರ ಸಲುವಾಗಿ? ನಮ್ಮ ಕಡೆ ಕಡಿಮಿ ರೊಕ್ಕ ತಗೊಂಡ್ರು ಅಂತ. ಈಗ ನೆನಸಿಕೊಂಡ್ರ ನನಗ ನಗು ಬರತೈತಿ, ಆದ್ರ ಅವತ್ತು ಖರೇನ ಸಿಟ್ಟು ನೆತ್ತಿಗೇರಿತ್ತು.

ನಮ್ಮ ಮನಿ ಬೆಳಗಾವಿಯ ಶಿವಬಸವ ನಗರದಾಗ. ಅಲ್ಲಿಂದ ನಡಕೋತ ಹೋಗೂವಷ್ಟು ಹತ್ರ, ನೆಹರು ನಗರದ ಒಂದು ದವಾಖಾನಿಯೊಳಗ ನನ್ನ ನೌಕರಿ. ಬಂದ ರೋಗಿಗಳ ಹೆಸರು, ಊರು, ವಯಸ್ಸು ಬರದು ಕಾಗದ ಜ್ವಾಪಾನ ಮಾಡೂದು ನನ್ನ ಕೆಲಸ. ದಿನಾ ಮುಂಜಾನಿಂದ ಸಂಜಿತನಾ ವಯಸ್ಸು ಕೇಳಿ ಕೇಳಿ ನನಗ ಅದೊಂದು ಚಟಾನ ಆಗಿತ್ತು. ಹಳ್ಳಿ ಮಂದಿ "ನೀವ ಒಂದು ಅಂದಾಜಿಗೆ ಹಾಕ್ಕೋರಿ ಬಾಯಾರ" ಅಂದ್ರ ನಾ ಬಿಡತಿದ್ದಿಲ್ಲ. ಕಾರ್ಡ್ ತಗೀರಿ ಅಂತಿದ್ದೆ.

ನನ್ನ ಅತ್ತಿ, ಅಂದ್ರ ನನ್ನ ಗಂಡನ ಅವ್ವ, ಖಾನಾಪುರ ತಾಲೂಕಿನ ಪಾರಿಶ್ವಾಡದವರು. ಅವರ ತವರಮನಿಯವರು ಕುರಿ ಕಾಯೂ ಮಂದಿ, ಆಮ್ಯಾಲೆ ಹೊಲಾ ಹಿಡದವರು. ಅತ್ತಿಯ ತಮ್ಮನ ಮಗ ಬೆಳಗಾವಿಗೆ ನೌಕರಿಗೆ ಅಂತ ಬಂದಾಂವ ಇಲ್ಲಿಯ ಒಂದು ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್ ಆದ. ಆಟದ್ದು ಏನೂ ಗೊತ್ತಿಲ್ಲದ ನಮ್ಮ ಅತ್ತಿಗೆ ಅಷ್ಟ ಸಾಕಾತು. "ಹನ್ನೊಂದ ಮಂದ್ಯಾಗ ಅವನೊಬ್ಬಗ ಕೈಲೆ ಹಿಡ್ಯಾಕ ಬಿಟ್ಟಾರಂದ್ರ ಅಂವಾ ಎಷ್ಟ ಶಾಣ್ಯಾ ಇರಬೇಕು ನೋಡು" ಅಂತಿದ್ರು. ಹಿಂಗಾಗಿ ನನ್ನ ಕರಕೊಂಡು ಮೈದಾನಕ್ಕ ಹೊಂಟ್ರು.

ಆ ಮೈದಾನದ ಗೇಟಿಗೆ ಒಂದು ಕಲ್ಲಿನ ಪಾವಟಿಗಿ ಇತ್ತು. ಒಂದ ಒಂದು, ಆದ್ರ ಎತ್ತರದ್ದು, ದೊಡ್ಡ ಮನಶ್ಯಾಗೂ ಮೊಣಕಾಲಮಟ ಬರೂವಂಥಾದ್ದು. ಅದನ್ನ ಏರಿದ ಕೂಡಲೆ ಎಡಕ್ಕ ಒಂದು ಟೇಬಲ್. ಟೇಬಲ್ ಹಿಂದ ಎಲ್ಲಾರೂ ಕಾಕಾ ಅಂತ ಕರಿಯೂ ಒಬ್ರು ವಯಸ್ಸಾದವರು. ಫೌಂಡ್ರಿಯೊಳಗ ಕಬ್ಬಿಣ ಕಾಸಿ ರಿಟಾಯರ್ ಆದವರು, ಮ್ಯಾಚ್ ಇದ್ದ ದಿನಾ ಪಗಾರಿಲ್ಲದ ಗೇಟ್ ಕಾಯತಿದ್ರು. ಟೇಬಲ್ ಮ್ಯಾಲೆ ಎರಡು ಕಟ್ಟು ಟಿಕೆಟ್, ಬಿಳೇವು ಇಪ್ಪತ್ತು ರೂಪಾಯಿದು, ಹಳದಿ ಹತ್ತರದು.

ಕಾಕಾ ನನಗ ಬಿಳೇ ಟಿಕೆಟ್ ಹರದು ಕೊಟ್ರು, ಅತ್ತಿಗೆ ಹಳದಿ. ನನ್ನ ಬಾಯಿ ಸುಮ್ಮ ಇರೂವಂಥಾದ್ದಲ್ಲ.

"ಇವರಿಗೆ ಹಳದಿ ಯಾಕ್ರಿ? ಇವರಿಗೆ ಇನ್ನಾ ಐವತ್ತಮೂರು. ನಮಗ ಧರ್ಮದ ಟಿಕೆಟ್ ಬ್ಯಾಡ್ರಿ."

ಕಾಕಾ ಕನ್ನಡಕದ ಮ್ಯಾಲಿಂದ ನನ್ನ ನೋಡಿ ಅಂದ್ರು, "ನಾ ವಯಸ್ಸು ಕೇಳಿಲ್ಲರಿ ಅಕ್ಕಾರ. ಮೊಣಕಾಲ ನೋಡೇನಿ. ಅದಕ್ಕ ಕೈ ಊರಿ ಏರಿದವರಿಗೆ ಇಲ್ಲಿ ಅರ್ಧ."

ನಾ ಇನ್ನೂ ಏನರ ಅನ್ನೂದರಾಗ ಅತ್ತಿ ಆ ಹಳದಿ ಟಿಕೆಟ್ ತಗೊಂಡು ಸೆರಗಿಗೆ ಗಂಟ ಹಾಕಿದ್ರು. "ನಲವತ್ತ ವರ್ಷ ಕೆಸರಿನ್ಯಾಗ ನಿಂತು ಭತ್ತ ಹಚ್ಚಿದ ಮೊಣಕಾಲವಾ ಇದು. ಆ ಮನಶ್ಯಾಗ ತಿಳೀತು, ನಿನಗ ತಿಳೀಲಿಲ್ಲ" ಅಂದು ಮುಂದ ನಡದ್ರು. ನಾ ಬಿಳೇ ಟಿಕೆಟ್ ಹಿಡಕೊಂಡು ಅವರ ಹಿಂದ ಹೋದೆ.

ಆಮ್ಯಾಲೆ ಒಂದೊಂದ ಮ್ಯಾಚಿಗೂ ನಾ ಆಟಾ ಬಿಟ್ಟು ಕಾಕಾನ ಗೇಟ್ ನೋಡಾಕ ಹತ್ತಿದೆ. ಕಮಿಟಿಯವರು ಅರ್ಧ ಟಿಕೆಟ್ ವಯಸ್ಸಾದವರಿಗೆ ಅಂತ ಬೋರ್ಡ್ ಬರಸಿದ್ರು, ಎಷ್ಟು ವಯಸ್ಸು ಅಂತ ಬರಸಿದ್ದಿಲ್ಲ. ಅದನ್ನ ಕಾಕಾಗ ಬಿಟ್ಟಿದ್ರು, ಕಾಕಾ ಪಾವಟಿಗಿಗೆ ಬಿಟ್ಟಿದ್ರು. ಸಣ್ಣ ಮಕ್ಕಳದೂ ಹಂಗ. ಟೇಬಲ್ಲಿಗೆ ಗದ್ದ ಹತ್ತಲಿಲ್ಲಂದ್ರ ಫುಕಟ್, ರೊಕ್ಕಾನ ಇಲ್ಲ.

ಮಿಲಿಟರಿ ಪೆನ್ಷನ್ನಿನ ಒಬ್ರು ಬರ್ತಿದ್ರು, ಎಪ್ಪತ್ತು ದಾಟಿದವರು. ಎದಿ ಸೆಟೆಸಿ ಒಂದ ಹೆಜ್ಜಿಗೆ ಪಾವಟಿಗಿ ಏರಿ "ಫುಲ್" ಅಂತಿದ್ರು. ಕಾಕಾ ಎದ್ದು ನಿಂತು ಸಲಾಂ ಹೊಡದು ಬಿಳೇ ಟಿಕೆಟ್ ಕೊಡತಿದ್ರು. ಪೂರಾ ರೊಕ್ಕ ಕೊಟ್ಟು ಅಷ್ಟು ಖುಷಿಯಿಂದ ಒಳಗ ಹೋದವರನ್ನ ನಾ ಇನ್ನೆಲ್ಲೂ ನೋಡಿಲ್ಲ. ಕಾಲೇಜಿನ ಉಡಾಳ್ ಹುಡುಗರು ಸೊಂಟಾ ಹಿಡಕೊಂಡು, ಮೊಣಕಾಲ ಒತ್ತಿ, ನರಳಕೋತ ಏರಿದ್ರೂ ಕಾಕಾ ಜಗಳಾ ಮಾಡತಿದ್ದಿಲ್ಲ. ಹಳದಿ ಹರದು ಕೊಟ್ಟು, "ಇಳಿಯೂ ಮುಂದ ನೋಡ್ತೀನಿ" ಅಂತಿದ್ರು. ಏರೂ ಮುಂದ ಸುಳ್ಳ ಹೇಳಬಹುದು, ಮ್ಯಾಚ್ ಗೆದ್ದ ಖುಷಿಯೊಳಗ ಇಳಿಯೂ ಮುಂದ ಯಾರಿಗೂ ನೆನಪಿರೂದಿಲ್ಲ ಅನ್ನೂದು ಅವರ ಹಿಸಾಬ. ಆ ಹುಡುಗರು ಕುಣಕೋತ ಬಂದು ಪಾವಟಿಗಿ ಮ್ಯಾಲಿಂದ ಠಣ್ಣಂತ ಜಿಗದ್ರ ಕಾಕಾ ಅಲ್ಲೇ ಕೈ ಚಾಚಿ ನಿಂತಿರತಿದ್ರು. ಸುತ್ತಲಿನ ಮಂದಿ ನಗತಿದ್ರು, ಹುಡುಗರು ನಗಕೋತ ಉಳಿದ ಹತ್ತು ರೂಪಾಯಿ ಕೊಟ್ಟು ಹೋಗತಿದ್ರು.

ಬರಬರತಾ ಅತ್ತಿಯ ಬಳಗಾ ದೊಡ್ಡದಾತು. ಹೆಣ್ಮಕ್ಕಳಿಗೆ ಬಸ್ಸು ಫುಕಟ್ ಆದ ಮ್ಯಾಲೆ ಪಾರಿಶ್ವಾಡದಿಂದ ಅವರ ಮೂರು ಮಂದಿ ಗೆಳತ್ಯಾರು ರೊಟ್ಟಿ ಕಟಗೊಂಡು ಖಾನಾಪುರದ ಮ್ಯಾಲಿಂದ ಬರಾಕ ಹತ್ತಿದ್ರು. ನಾಕೂ ಮಂದಿ ಗೋಲಿನ ಹಿಂದ ಕುಂತು ನಮ್ಮ ಗೋಲ್‌ಕೀಪರಗ ಬುದ್ಧಿ ಹೇಳೂದ ಹೇಳೂದು. ಲಗ್ನಾ, ತೊಟ್ಟಲಾ ಬಿಟ್ರ ಆ ನಾಕೂ ಮಂದಿ ಒಂದ ಕಡೆ ಸೇರೂ ಜಾಗಾ ಅದೊಂದ ಆಗಿತ್ತು. ಅತ್ತಿ ಮ್ಯಾಚಿನ ಹಿಂದಿನ ದಿನಾನ ಶೇಂಗಾ ಚಟ್ನಿ ಕುಟ್ಟತಿದ್ರು.

ಹೋದ ವರ್ಷ ಮೈದಾನಕ್ಕ ಕುರ್ಚಿ ಬಂದ್ವು, ನೆರಳು ಬಂತು. ಟಿಕೆಟ್ ಅರವತ್ತು ರೂಪಾಯಿ ಆತು, ಅರ್ಧ ಮೂವತ್ತು. ಗೇಟ್ ಹೊಸಾದು ಮಾಡೂ ಮುಂದ ಕಮಿಟಿಯವರು ಒಂದು ಒಳ್ಳೇ ವಿಚಾರನ ಮಾಡಿದ್ರು. ವಯಸ್ಸಾದವರಿಗೆ ಏರಾಕ ತ್ರಾಸ ಆಗತೈತಿ ಅಂತ ಆ ಕಲ್ಲು ಕಿತ್ತಿ ಗ್ವಾಡಿ ಬಾಜೂಕ ಒಗದು, ಆ ಜಾಗಾಕ್ಕ ಸಿಮೆಂಟಿನ ಇಳಿಜಾರು ಮಾಡಿಸಿದ್ರು. ವ್ಹೀಲ್‌ಚೇರಿನವರೂ ಒಳಗ ಬರೂ ಹಂಗಾತು. ಆದ್ರ ಇಳಿಜಾರಿನ್ಯಾಗ ಯಾರೂ ಮೊಣಕಾಲಿಗೆ ಕೈ ಊರೂದಿಲ್ಲ. ಇನ್ನ ಅರ್ಧ ಯಾರಿಗೆ ಕೊಡೂದು ಅಂತ ಮೀಟಿಂಗ್ ಕರದ್ರು. ಅಷ್ಟೊತ್ತಿಗೆ ನನ್ನ ಬಾಯಿ ನೋಡಿ ನನ್ನನ್ನೂ ಕಮಿಟಿಗೆ ತಗೊಂಡಿದ್ರು.

ನಾನ ಎದ್ದು ಹೇಳಿದೆ, "ಇದರಾಗ ಏನೈತ್ರಿ? ಅರವತ್ತು ತುಂಬಿದವರು ಕಾರ್ಡ್ ತೋರಸ್ಲಿ, ಅರ್ಧ ತಗೊಳ್ಳಿ. ಯಾರಿಗೂ ಅನ್ಯಾಯ ಇಲ್ಲ."

ಖಜಾಂಚಿ ಬಾಳ ಖುಷಿ ಆದ್ರು. ಕಾಕಾ ಒಬ್ರ ಒಪ್ಪಲಿಲ್ಲ. "ಅರವತ್ತು ಎಲ್ಲಾರಿಗೂ ಒಂದ ದಿನಾ ಬರೂದಿಲ್ಲ ತಂಗಿ. ಕುರ್ಚಿ ಮ್ಯಾಲೆ ಕುಂತು ದುಡದವರಿಗೆ ತಡಾ ಬರತೈತಿ, ಬಗ್ಗಿ ದುಡದವರಿಗೆ ಲಗೂ ಬರತೈತಿ" ಅಂದ್ರು.

"ಕಣ್ಣಳತಿ ಮ್ಯಾಲೆ ಎಷ್ಟ ದಿನಾ ನಡಸೂದ್ರಿ ಕಾಕಾ? ಕಾಗದ ಬೇಕಲ್ಲ" ಅಂತ ನಾ ಅವರ ಬಾಯಿ ಮುಚ್ಚಿಸಿದೆ. ಕಾಕಾ ಎದ್ದು ಗೇಟಿನ ಕೀಲಿ ಖಜಾಂಚಿ ಮುಂದ ಇಟ್ಟು ಹೋದ್ರು. ಟಿಕೆಟ್ ಟೇಬಲ್ ನನ್ನ ಪಾಲಿಗೆ ಬಂತು.

ಮೊದಲನೇ ಮ್ಯಾಚಿಗೆ ಪಾರಿಶ್ವಾಡದ ಆ ಮೂವರೂ ಬಂದ್ರು. ಮೂವರ ಕಾರ್ಡಿನ್ಯಾಗೂ ಅರವತ್ತಕ್ಕ ಕಡಿಮಿ. ಹಿರೇ ಹೆಣ್ಮಗಳು ಕಾರ್ಡ್ ನನ್ನ ಮುಂದ ಹಿಡದು ಅಂದ್ಲು, "ಇದ ಕಾರ್ಡ್ ತೋರಿಸಿ ಅಲ್ಲಿಂದ ಇಲ್ಲಿತನಾ ಫುಕಟ್ ಬಂದೇವಿ. ಇದ ಕಾರ್ಡ್ ನೋಡಿ ನೀ ಅರವತ್ತ ರೂಪಾಯಿ ಕೇಳ್ತೀಯಲ್ಲವಾ." ನನ್ನ ಮಾರಿ ಸಣ್ಣದಾತು. ನಾ ತುಂಬತೀನಿ ಅಂತ ಪರ್ಸಿಗೆ ಕೈ ಹಾಕಿದೆ. ಆಕಿ ನನ್ನ ಕೈ ಹಿಡದು, "ಧರ್ಮದ ಟಿಕೆಟ್ ನಮಗೂ ಬ್ಯಾಡ" ಅಂದ್ಲು. ಅವತ್ತು ಪೂರಾ ರೊಕ್ಕ ಕೊಟ್ಟು ನೋಡಿ ಹೋದವರು ಮತ್ತ ಬರಲಿಲ್ಲ. ಅತ್ತಿ ಎರಡು ಮ್ಯಾಚ್ ಒಬ್ಬರ ಕುಂತ್ರು, ಮೂರನೇದಕ್ಕ "ನನಗೂ ಸಾಕಾತು, ನೀ ಹೋಗು" ಅಂದ್ರು. ತಪ್ಪು ನಂದ ಅಂತ ಅಡಿಗಿ ಮನ್ಯಾಗ ನಿಂತು ಕಣ್ಣೀರ ಹಾಕಿದೆ.

ಕಾಕಾ ಮಾತ್ರ ಪ್ರತಿ ಮ್ಯಾಚಿಗೂ ಬರ್ತಿದ್ರು, ಒಳಗಲ್ಲ. ಗ್ವಾಡಿ ಬಾಜೂಕ ಒಗದ ಆ ಪಾವಟಿಗಿ ಕಲ್ಲಿನ ಮ್ಯಾಲೆ ಕುಂತು ಒಳಗಿನ ಗದ್ದಲಾ ಕೇಳತಿದ್ರು. ಒಂದಿನಾ ನಾ ಅವರ ಹತ್ರ ಹೋಗಿ ನಿಂತೆ.

"ಒಳಗ ಬರ್ರಿ ಕಾಕಾ. ನಿಮಗ ಯಾರು ಟಿಕೆಟ್ ಕೇಳ್ತಾರ?"

"ರೊಕ್ಕ ಐತಿ ನನ್ನ ಹತ್ರ. ಮಂದಿ ಹೊರಗ ಉಳದಾರಲ್ಲ, ನಾ ಒಳಗ ಹೆಂಗ ಬರಲಿ?"

"ನನ್ನ ತಪ್ಪಾತ್ರಿ."

"ನನ್ನ ಮುಂದ ಹೇಳಿದ್ರ ಏನ್ ಬಂತು? ಕಮಿಟಿ ಮುಂದ ಹೇಳು."

ಹೇಳಿದೆ. ನಾ ತಪ್ಪಿದೆ ಅಂತ ಹತ್ತ ಮಂದಿ ಮುಂದ ಹೇಳೂದು ನನ್ನಂಥಾಕಿಗೆ ಸಣ್ಣ ಮಾತಲ್ಲ. ಆ ಕಲ್ಲು ಮತ್ತ ಗೇಟಿಗೆ ತರೂಣು ಅಂದೆ. ಖಜಾಂಚಿ ಬಾಳೊತ್ತು ತಲಿ ಕೆರಕೊಂಡು ಕಡಿಕ ಅಂದ್ರು, ಇಳಿಜಾರು ಅಲ್ಲೇ ಇರಲಿ, ಅದರ ಬಾಜೂಕ ಕಲ್ಲು ಇಡ್ರಿ, ಒಂದು ಮ್ಯಾಚ್ ನೋಡೂಣು, ಮಂದಿ ಮೋಸ ಮಾಡಿದ್ರ ಮತ್ತ ಕಾರ್ಡ. ಗೇಟಿಗೆ ನೀವ ಕುಂದರ್ರಿ ಅಂತ ಕಾಕಾಗ ಹೇಳಾಕ ಹೋದ್ರ ಅವರು ಒಲ್ಲೆ ಅಂದ್ರು. "ನೀನ ನೋಡು. ನಿನಗ ನೋಡಾಕ ಬಂದ್ರ ಯಾರಿಗಾದ್ರೂ ಬರತೈತಿ" ಅಂದ್ರು. ಅಷ್ಟು ಚುಚ್ಚಿದ್ರೂ ನನಗ ಸಿಟ್ಟು ಬರಲಿಲ್ಲ ಅವತ್ತು.

ಆ ಮ್ಯಾಚಿನ ದಿನಾ ಖಜಾಂಚಿ ನನ್ನ ಹಿಂದನ ಕೈ ಕಟಗೊಂಡು ನಿಂತ್ರು. ಅತ್ತಿ ಫೋನ್ ಮಾಡಿ ಮಾಡಿ ಪಾರಿಶ್ವಾಡದ ಮೂವರನ್ನೂ ಕರಸಿದ್ರು. ನಾಕೂ ಮಂದಿ ಒಬ್ಬೊಬ್ರ ಮೊಣಕಾಲಿಗೆ ಕೈ ಊರಿ ಏರಿದ್ರು. ನಾ ಏನೂ ಕೇಳದ ನಾಕು ಹಳದಿ ಹರದು ಕೊಟ್ಟೆ. ಮಿಲಿಟರಿಯವರು ಬಂದ್ರು, "ಫುಲ್" ಅಂದ್ರು, ನಾ ಎದ್ದು ಸಲಾಂ ಹೊಡದೆ.

ಆಮ್ಯಾಲೆ ಕಾಕಾ ಬಂದ್ರು. ಇಸ್ತ್ರಿ ಮಾಡಿದ ಬಿಳೇ ಅಂಗಿ. ಕಲ್ಲಿನ ಮುಂದ ಒಂದು ಗಳಿಗಿ ನಿಂತು, ಎರಡೂ ಕೈ ಕೆಳಗ ಬಿಟ್ಟು, ಹಲ್ಲ ಕಚ್ಚಿ ಏರಿದ್ರು. ಮೊಣಕಾಲ ಲಟಕ್ ಅಂದದ್ದು ನನಗ ಕೇಳಿಸ್ತು. ಅರವತ್ತ ರೂಪಾಯಿ ಎಣಿಸಿ ಟೇಬಲ್ ಮ್ಯಾಲೆ ಇಟ್ರು.

ನಾ ಸಣ್ಣ ದನಿಯೊಳಗ ಅಂದೆ, "ಕೈ ಯಾಕ ಊರಲಿಲ್ಲರಿ?"

"ಊರಿದ್ರ, ಮುದುಕ ತನ್ನ ಸಲುವಾಗಿ ಕಲ್ಲ ತರಿಸಿದ ಅಂತಾರ. ಫುಲ್ ಕೊಡು."

ಖಜಾಂಚಿ ನೋಡಾಕ ಹತ್ತಿದ್ರು. ನಾ ಬಿಳೇ ಟಿಕೆಟ್ ಹರದು ಕೊಟ್ಟು, "ಇಳಿಯೂ ಮುಂದ ನೋಡ್ತೀನ್ರಿ ಕಾಕಾ" ಅಂದೆ. ಅವರು ನನ್ನ ಮಾರಿ ನೋಡದ ಒಳಗ ಹೋದ್ರು.

ನಮ್ಮ ಟೀಮ್ ಒಂದು ಗೋಲಿಲೆ ಗೆದ್ದಿತು. ಮಂದಿ ಹೊರಗ ಬರೂ ಮುಂದ ನಾ ಕಲ್ಲಿನ ಬಾಜೂಕ ಕೈ ಚಾಚಿ ನಿಂತೆ. ಹಳದಿ ತಗೊಂಡಿದ್ದ ಇಬ್ರು ಹುಡುಗರು ಠಣ್ಣಂತ ಜಿಗದು, ಅವರಾಗಿ ಮೂವತ್ತು ಮೂವತ್ತು ತಗದು ಕೊಟ್ರು. ಅದನ್ನ ನೋಡಿ ಖಜಾಂಚಿಗೂ ನಗು ತಡೀಲಿಲ್ಲ. "ಇರಲಿ ಬಿಡ್ರಿ, ಇನ್ನ ಮುಂದ ಹಿಂಗ ನಡೀಲಿ" ಅಂದು ಗಾಡಿ ಹತ್ತಿ ಹೋದ್ರು. ಪಾರಿಶ್ವಾಡದ ಹೆಣ್ಮಕ್ಕಳನ್ನ ಬಸ್ಸಿಗೆ ಹತ್ತಸಾಕ ಅತ್ತಿ ಹೋದ್ರು.

ಕಾಕಾ ಬರಲಿಲ್ಲ. ಮೈದಾನ ಖಾಲಿ ಆತು, ಹುಡುಗರು ಗೋಲಿನ ಜಾಳಿಗಿ ಬಿಚ್ಚಿಕೊಂಡು ಹೋದ್ರು. ಯಾರೂ ಉಳದಿಲ್ಲ ಅಂದ್ಕೊಂಡು ಕಾಕಾ ಮೆಲ್ಲಕ ನಡಕೋತ ಬಂದ್ರು. ಬಾಜೂಕ ಇಳಿಜಾರು ಇತ್ತು, ಅದರ ಕಡೆ ಹೋಗಲಿಲ್ಲ. ಕಲ್ಲಿನ ಅಂಚಿಗೆ ನಿಂತು, ಮೊಣಕಾಲಿಗೆ ಕೈ ಊರಿ, ಇಳಿಯಾಕ ಒಂದು ಕಾಲು ಬಿಟ್ಟವರು ಹಂಗ ಹಿಂದಕ್ಕ ತಗೊಂಡ್ರು. ಗ್ವಾಡಿ ಕಡೆ ನಿಂತ ನನ್ನ ಅವಾಗ ನೋಡಿದ್ರು.

"ನೀ ಇನ್ನಾ ಹೋಗಿಲ್ಲ?"

"ನೋಡ್ತೀನಿ ಅಂತ ಹೇಳಿದ್ನಲ್ಲ ಕಾಕಾ."

ನಾ ಹತ್ರ ಹೋಗಿ ನಿಂತೆ. ಒಂದು ಕೈ ಮೊಣಕಾಲಿಗೆ, ಒಂದು ಕೈ ನನ್ನ ಹೆಗಲಿಗೆ ಊರಿ ಅವರು ಇಳದ್ರು. ಅಷ್ಟು ಭಾರ ಐತಿ ಆ ಕೈಯಾಗ ಅಂತ ನನಗ ಗೊತ್ತಿದ್ದಿಲ್ಲ. ದಿನಾ ಸಾವಿರ ವಯಸ್ಸು ಬರದು ಇಟ್ಟಾಕಿ ನಾ, ಒಂದರದೂ ಭಾರ ಹೊತ್ತಿದ್ದಿಲ್ಲ.

ಮೂವತ್ತು ರೂಪಾಯಿ ವಾಪಸ್ ಕೊಟ್ಟೆ. ಬಿಳೇ ಟಿಕೆಟ್ ತಗೊಂಡು ಹಳದಿ ಹರದು ಅವರ ಕೈಯಾಗ ಇಟ್ಟೆ. ಬ್ಯಾಡ ಅಂತಾರ ಅಂದ್ಕೊಂಡಿದ್ದೆ, ಅನ್ನಲಿಲ್ಲ. ಕನ್ನಡಕಾ ಮ್ಯಾಲೆ ಸರಿಸಿ, ಟಿಕೆಟ್ಟು ಕಣ್ಣ ಹತ್ರ ಹಿಡಕೊಂಡು ಬಾಳೊತ್ತು ನೋಡಿದ್ರು.

"ಎಷ್ಟ ಮಂದಿಗೆ ಹರದು ಕೊಟ್ಟೇನಿ ಇವನ್ನ," ಅಂದ್ರು. "ನನಗ ಯಾರೂ ಕೊಟ್ಟಿದ್ದಿಲ್ಲ ನೋಡು."

ಅದನ್ನ ಎರಡು ಮಡಿಕಿ ಮಾಡಿ ಅಂಗಿ ಕಿಸೆಯೊಳಗ ಇಟಗೊಂಡ್ರು. ಬಸ್ ಸ್ಟಾಪ್ ತನಕಾ ನನ್ನ ಹೆಗಲ ಮ್ಯಾಲಿನ ಕೈ ತಗೀಲಿಲ್ಲ.