ಅಣ್ಣನ ಅಂಗಡಿಯ ಕ್ರ್ಯಾಂಕ್ ಸೆನ್ಸರ್

ಕಾರು ಮೂರನೆಯ ಸಲ ಕಡಕೊಳದ ಹತ್ತಿರ ನಿಂತುಹೋದಾಗ ನಾನು ಸ್ಟೀರಿಂಗಿಗೆ ಗುದ್ದಿದೆ. ಹಿಂದಿನ ಲಾರಿಯವನು ಹಾರ್ನ್ ಬಾರಿಸುತ್ತಲೇ ಇದ್ದ. ಇಂಜಿನ್ ಕಾದರೆ ಸಾಕು, ಹೇಳದೆ ಕೇಳದೆ ಆಫ್ ಆಗುತ್ತಿತ್ತು. ಅರ್ಧ ಗಂಟೆ ತಣ್ಣಗಾದರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ಅಲ್ಲಿಯ ಕಾರ್ಖಾನೆಯೊಂದರಲ್ಲಿ ನಾನು ಖರೀದಿ ವಿಭಾಗದ ಮ್ಯಾನೇಜರ್. ಆ ಜರ್ಮನ್ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು ಎಂದು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅವತ್ತು ನನ್ನ ಕೈಕೆಳಗಿನವರಿಬ್ಬರು ಬೈಕಿನಲ್ಲಿ ಪಕ್ಕದಲ್ಲೇ ಹಾದುಹೋದರು. ನೋಡಿಯೂ ನೋಡದವರಂತೆ ಹೋದರು. ಮುಂದೆ ಹೋಗಿ ನಕ್ಕಿರುತ್ತಾರೆ, ನನಗೆ ಖಾತ್ರಿ.

ಕ್ರ್ಯಾಂಕ್ ಸೆನ್ಸರ್ ಹಾಳಾಗಿದೆ ಎಂದು ಶೋರೂಮಿನವರು ಮೊದಲೇ ಹೇಳಿದ್ದರು. ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವ, ಹೆಬ್ಬೆರಳಿನಷ್ಟು ದೊಡ್ಡ ಸಾಮಾನು ಅದು. ಅವರು ಹೇಳಿದ ಬೆಲೆಗೆ ಒಂದು ಒಳ್ಳೆಯ ಫ್ರಿಜ್ಜೇ ಮನೆಗೆ ಬರುತ್ತಿತ್ತು. ಕೌಂಟರಿನಲ್ಲಿದ್ದವನ ಜೊತೆ ಜಗಳವಾಡಿ ಎದ್ದು ಬಂದು, ಆನ್‌ಲೈನಿನಲ್ಲಿ ಅಗ್ಗದ್ದೊಂದನ್ನು ತರಿಸಿ ಹಾಕಿಸಿದ್ದೆ. ಹತ್ತು ದಿನ ಓಡಿತು. ಆಮೇಲೆ ಈ ಮೂರನೆಯ ಸಲ.

ಸಿದ್ಧಾರ್ಥನಗರದಲ್ಲಿ ನಮ್ಮ ಮನೆಯ ಹತ್ತಿರದ ಮೆಕ್ಯಾನಿಕ್ ಎರಡೂ ಸೆನ್ಸರುಗಳನ್ನು ನನ್ನ ಕೈಗೆ ಹಾಕಿದ. "ಸುಮ್ನೆ ಯಾಕೆ ಒದ್ದಾಡ್ತೀರಾ ಸರ್? ದೇವರಾಜ ಮೊಹಲ್ಲಾದಲ್ಲಿ ಒಬ್ರು ಸ್ಪೇರ್ ಪಾರ್ಟ್ಸ್ ಅಂಗಡಿ ಮಡಗವ್ರೆ. ಹಳೇದು ತೋರ್ಸಿ. ಯಾವ ಗಾಡೀದು ಇದಕ್ಕೆ ಕೂರ್ತದೆ ಅಂತ ಅಂಗೇ ಹೇಳ್ಬುಡ್ತಾರೆ."

"ಬೇರೆ ಯಾರೂ ಇಲ್ವೇನ್ರೀ?"

"ಬೇರೆಯೋರು ಡಬ್ಬ ನೋಡಿ ಕೊಡ್ತಾರೆ ಸರ್. ಅವರು ಸಾಮಾನು ನೋಡಿ ಕೊಡ್ತಾರೆ."

ಅವನು ಹೇಳುತ್ತಿದ್ದುದು ನನ್ನ ಸ್ವಂತ ಅಣ್ಣನ ವಿಷಯ ಎಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅಣ್ಣನಿಗೂ ನನಗೂ ಮಾತು ನಿಂತು ಆರು ವರ್ಷವಾಗಿತ್ತು. ನಮ್ಮ ಮನೆಯ ಗೃಹಪ್ರವೇಶದ ದಿನ ನನ್ನ ಎಂ.ಡಿ. ಬಂದಿದ್ದರು. ಮಾಸಲು ಶರಟಿನಲ್ಲಿ ಊಟದ ಪಂಕ್ತಿ ನೋಡಿಕೊಳ್ಳುತ್ತಿದ್ದ ಅಣ್ಣನನ್ನು ತೋರಿಸಿ, "ಅವರು ಯಾರು?" ಎಂದು ಕೇಳಿದರು. "ಗೊತ್ತಿರೋ ಸಪ್ಲೈಯರ್ ಸರ್" ಎಂದುಬಿಟ್ಟೆ. ಅಣ್ಣನಿಗೆ ಕೇಳಿಸಿತು. ಕೈಯಲ್ಲಿದ್ದ ಪಲ್ಯದ ಬಕೆಟ್ಟನ್ನು ಕೆಳಗಿಟ್ಟು, ಅತ್ತಿಗೆಯನ್ನು ಕರೆದುಕೊಂಡು ಊಟ ಮಾಡದೆ ಹೊರಟುಹೋದ. ಹೋಗಿ ಕ್ಷಮೆ ಕೇಳಿ ಎಂದು ಹೆಂಡತಿ ಹೇಳಿದಳು. ನಾಳೆ, ನಾಡಿದ್ದು ಎಂದು ತಳ್ಳಿದೆ. ಅಷ್ಟರಲ್ಲಿ ಅವನು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದ. ಮುಂದಿನ ವರ್ಷ ಅವನ ಮಗಳ ಲಗ್ನಪತ್ರಿಕೆ ಅಂಚೆಯಲ್ಲಿ ಬಂತು. ಆಹ್ವಾನಿಸುವವರ ಪಟ್ಟಿಯಲ್ಲಿ ದೂರದ ಷಡ್ಡಕರ ಹೆಸರೂ ಇತ್ತು, ಚಿಕ್ಕಪ್ಪನಾದ ನನ್ನದಿರಲಿಲ್ಲ. ಅದನ್ನು ಹರಿದುಹಾಕಿದ ಮೇಲೆ ತಪ್ಪು ನನ್ನದೆಂಬುದೂ ಮರೆತುಹೋಯಿತು. ಸಿಟ್ಟೊಂದೇ ಉಳಿಯಿತು.

ಮರುದಿನ ಬೆಳಿಗ್ಗೆ ಅವನ ಅಂಗಡಿಗೆ ಹೋದೆ. ಓದು ಮುಗಿದ ಮೇಲೆ ನಾಲ್ಕು ವರ್ಷ ಅದೇ ಕೌಂಟರಿನ ಹಿಂದೆ ನಿಂತು ವ್ಯಾಪಾರ ಕಲಿತವನು ನಾನು. ಅಣ್ಣನ ಕೂದಲು ಪೂರ್ತಿ ನೆರೆತಿತ್ತು. ತಲೆಯೆತ್ತಿ ನೋಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಏನ್ ಬೇಕಿತ್ತು ಸರ್?"

ಆ 'ಸರ್' ಕೇಳಿ ಕಿವಿ ಬಿಸಿಯಾಯಿತು. "ಕ್ರ್ಯಾಂಕ್ ಸೆನ್ಸರ್" ಎಂದು ಎರಡನ್ನೂ ಕೌಂಟರಿನ ಮೇಲೆ ಎಸೆದೆ. ಕಾರಿನ ಹೆಸರು ಹೇಳಿದೆ.

"ಕಂಪನಿ ಡಬ್ಬ ಬೇಕಾ, ಸಾಮಾನು ಬೇಕಾ?"

"ಗಾಡಿ ಓಡ್ಬೇಕು, ಅಷ್ಟೇ."

ಅವನು ಹಳೆಯ ಸೆನ್ಸರನ್ನು ಬಟ್ಟೆಯಿಂದ ಒರೆಸಿ, ಕನ್ನಡಕ ಏರಿಸಿ, ಪಕ್ಕದಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿದ. ವರ್ನಿಯರ್ ತೆಗೆದು ತುದಿಯ ಉದ್ದ ಅಳೆದ. ಆನ್‌ಲೈನಿನದನ್ನೂ ಅಳೆದ. "ಇದು ಒಂದೂವರೆ ಮಿಲಿಮೀಟರ್ ಗಿಡ್ಡ. ಹಲ್ಲಿನ ಚಕ್ರದಿಂದ ದೂರ ನಿಲ್ತದೆ. ಬಿಸಿಯಾದ್ರೆ ಸಿಗ್ನಲ್ ಸಿಗಲ್ಲ" ಎಂದು ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದ. ಒಳಗೆ ಹೋಗಿ ಸಣ್ಣ ಡಬ್ಬವೊಂದನ್ನು ತಂದ. ಉದ್ದ ಅದೇ, ಬೋಲ್ಟಿನ ತೂತು ಅದೇ, ಮೂರು ಪಿನ್ನಿನ ಸಾಕೆಟ್ಟೂ ಅದೇ. ಬ್ಯಾಟರಿಗೂ ಮೀಟರಿಗೂ ವೈರ್ ಸಿಕ್ಕಿಸಿ, ತುದಿಯ ಮುಂದೆ ಸ್ಪ್ಯಾನರ್ ಆಡಿಸಿದ. ಪ್ರತಿ ಸಲವೂ ಮೀಟರಿನ ಅಂಕಿ ಜಿಗಿಯಿತು.

"ಯಾವ ಗಾಡೀದು ಇದು?" ಎಂದು ಕೇಳಿದೆ.

"ಟ್ಯಾಕ್ಸಿಗೆ ಓಡೋ ಡೀಸೆಲ್ ಗಾಡೀದು. ಮಾಡೋನು ಒಬ್ನೇ ಸರ್. ಮೇಲೆ ಹೆಸರು ಮಾತ್ರ ಬೇರೆ ಬೇರೆ ಹಾಕ್ಕೋತಾರೆ."

ಅದು ಅಂಗಡಿಯ ಮಾಮೂಲಿ ಮಾತು. ಅಲ್ಲಿ ನಿಂತು ಎಷ್ಟೋ ಗಿರಾಕಿಗಳಿಗೆ ನಾನೇ ಹೇಳಿದ್ದೆ. ಅವತ್ತು ಮಾತ್ರ ಬೇಕೆಂದೇ ಚುಚ್ಚುತ್ತಿದ್ದಾನೆ ಎನ್ನಿಸಿತು. ಬೆಲೆ ಕೇಳಿದೆ. ಶೋರೂಮಿನವರು ಹೇಳಿದ್ದರ ಹತ್ತರಲ್ಲಿ ಒಂದು ಭಾಗವೂ ಇರಲಿಲ್ಲ. ಚೌಕಾಸಿ ಮಾಡುವುದೇ ನನ್ನ ಉದ್ಯೋಗ, ಆದರೂ ಹೇಳಿದಷ್ಟಕ್ಕೇ ಪರ್ಸ್ ತೆಗೆದೆ.

ಅವನು ಬಿಲ್ ಪುಸ್ತಕ ತೆರೆದ. "ಹೆಸರು ಏನು ಅಂತ ಬರೀಲಿ?"

ಹೆಸರು ಹೇಳಿದೆ.

"ಇನಿಷಿಯಲ್?"

ಅಲ್ಲಿಗೆ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ನಿಂದೇ ಇನಿಷಿಯಲ್ ಕಣೋ! ಲಗ್ನಪತ್ರಿಕೇಲಿ ನನ್ನ ಹೆಸರು ಬಿಟ್ಟು, ಈಗ ಬಿಲ್ಲಿಗೆ ಹೆಸರು ಕೇಳ್ತೀಯಾ?" ಎಂದು ಕೂಗಿದೆ. ಅಣ್ಣನನ್ನು ನಾನು 'ಕಣೋ' ಎಂದದ್ದು ಜೀವನದಲ್ಲಿ ಅದೇ ಮೊದಲು. ಟೈರ್ ಟ್ಯೂಬ್ ನೋಡುತ್ತಿದ್ದ ಗಿರಾಕಿಯೊಬ್ಬ ತಿರುಗಿ ನೋಡಿದ.

ಅಣ್ಣ ಪೆನ್ನು ಕೆಳಗಿಟ್ಟ. ದನಿ ಏರಿಸಲಿಲ್ಲ. "ನಾನು ಸಪ್ಲೈಯರ್ ಕಣಪ್ಪ. ಸಪ್ಲೈಯರ್ ಮನೆ ಮದುವೇಲಿ ಮ್ಯಾನೇಜರ್ ಹೆಸರು ಯಾಕೆ ಬರ್ಬೇಕು?"

"ಒಂದು ಮಾತಿಗೆ ಆರು ವರ್ಷ ಹಿಡ್ಕೊಂಡು ಕೂತಿದ್ದೀಯಲ್ಲ."

"ನೀನು ಬಂದು ಒಂದು ಮಾತು ಹೇಳ್ಲಿಲ್ವಲ್ಲ. ಇವತ್ತೂ ಸೆನ್ಸರಿಗೆ ಬಂದಿದ್ದೀಯ." ಬಿಲ್ ಹರಿದು ಡಬ್ಬದ ಮೇಲಿಟ್ಟ. ಇನಿಷಿಯಲ್ ಜಾಗ ಖಾಲಿಯಿತ್ತು. "ಮಾರಿದ ಮೇಲೆ ವಾಪಸ್ ತಗೊಳ್ಳಲ್ಲ" ಎಂದು ಹೇಳಿ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ.

ಕ್ಷಮಿಸು ಎನ್ನಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ ಎಂದು ಈಗ ಗೊತ್ತು. ಅವತ್ತು ದುಡ್ಡನ್ನು ಕೌಂಟರಿಗೆ ಕುಕ್ಕಿ, ಡಬ್ಬ ಕಿತ್ತುಕೊಂಡು ಬಂದೆ.

ಮೆಕ್ಯಾನಿಕ್ ಕಾಲು ಗಂಟೆಯಲ್ಲಿ ಅದನ್ನು ಕೂರಿಸಿದ. ನಂಜನಗೂಡಿನವರೆಗೆ ಓಡಿಸಿಕೊಂಡು ಬಂದೆ, ಒಮ್ಮೆಯೂ ನಿಲ್ಲಲಿಲ್ಲ. ಹೆಂಡತಿ ಮಾತ್ರ, ಎಲ್ಲಿ ಸಿಕ್ಕಿತು ಎಂದು ಕೇಳಿ ಎಲ್ಲವನ್ನೂ ತಿಳಿದುಕೊಂಡು, ಎರಡು ದಿನ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಹೋದ ತಿಂಗಳು ಅದೇ ಕಾರಿನ ಆಕ್ಸಿಜನ್ ಸೆನ್ಸರ್ ಕೆಟ್ಟಿತು. "ಅದೇ ಅಂಗಡೀಲಿ ಕೇಳಿ ಸರ್, ಸಿಕ್ಕೇ ಸಿಗ್ತದೆ" ಎಂದ ಮೆಕ್ಯಾನಿಕ್.

"ಬೇಡ. ಶೋರೂಮಿಂದಲೇ ತರ್ಸಿ."

"ದುಡ್ಡು ಜಾಸ್ತಿ ಆಗಿದ್ಯಾ ಸರ್?" ಎಂದು ಅವನು ನಕ್ಕ. ಹೌದು ಎಂದೆ.