ಇಪ್ಪತ್ತೈದು ಡಿಗ್ರಿಯ ಕೋಣೆ

ಮೊನ್ನೆ ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಸೋಲಾರ್ ಪ್ಲೇಟು ಕೂರಿಸಲು ಬಂದರು. ಅವರ ಹಿಂದೆ ನಾನೂ ಏಣಿ ಹತ್ತಿದೆ. ಕಾದ ತಗಡಿನ ವಾಸನೆ ಮೂಗಿಗೆ ಬಡಿಯಿತು… ಸಿಸ್ಟರ್ ನೆನಪಾದರು.

ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಕಮಲಾಪುರದ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿದ್ದೆವು. ಅವರು ನರ್ಸು, ನಾನು ಔಷಧಿ ಕೊಡುವವಳು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಮಕ್ಕಳ ಲಸಿಕೆ ಇಡುವ ಫ್ರಿಜ್ಜಿಗೆ ಸೋಲಾರ್ ಹಾಕಿಸಿದ್ದರು. ಬಿಸಿಲು ಚೆನ್ನಾಗಿ ತಾಗಲೆಂದು ಪ್ಲೇಟನ್ನು ಚಾವಣಿಯ ತಗಡಿಗೆ ಅಂಟಿಸಿದಂತೆ ಮಲಗಿಸಿದ್ದರು. ನಮ್ಮ ಕಡೆ ಬಿಸಿಲಿಗೇನು ಬರ?

ಆದರೆ ಬೇಸಿಗೆ ಏರಿದಂತೆ ಬ್ಯಾಟರಿ ತುಂಬುವುದು ಕಡಿಮೆಯಾಯಿತು. ಫ್ರಿಜ್ಜಿನೊಳಗೆ ತಂಪು ನಿಲ್ಲಲಿಲ್ಲ. ಲಸಿಕೆ ಐಸ್ ಡಬ್ಬಿಯಲ್ಲಿ ಕಲಬುರಗಿಗೆ ಹೋಯಿತು. ಫ್ರಿಜ್ಜನ್ನೂ ಕಳಿಸಿಬಿಡಿ, ತಾಯಂದಿರು ಅಲ್ಲಿಗೇ ಹೋಗಲಿ ಎಂದರು ಮೇಲಿನವರು.

"ಮಹಾಗಾಂವದ ಬಾಣಂತಿ ಕೂಸು ಕಟ್ಕೊಂಡು ಅಷ್ಟು ದೂರ ಹೋಗ್ತಾಳೇನು? ಲಸಿಕಿನೇ ಬಿಟ್ಟುಬಿಡ್ತಾಳ" ಎಂದರು ಸಿಸ್ಟರ್. ಫ್ರಿಜ್ಜು ಕೊಡಲಿಲ್ಲ. ಪ್ಲೇಟು ಕೂರಿಸಿದವನನ್ನೇ ಕರೆಸಿದರು.

"ಪ್ಲೇಟ್ ಬರೋಬ್ಬರಿ ಅದ ರೀ, ಏನೂ ಕೆಟ್ಟಿಲ್ಲ. ಹಿಂದ ವ್ಯಾಟ್ ಬರ್ದಾರ ನೋಡ್ರಿ" ಎಂದ ಅವನು.

"ಆ ವ್ಯಾಟು ಎಲ್ಲಿ ಅಳದ್ರು?" ಸಿಸ್ಟರ್ ಕೇಳಿದರು.

"ಕಂಪನಿ ಕೋಣ್ಯಾಗ್ರೀ. ಪ್ಲೇಟನ್ನ ಇಪ್ಪತ್ತೈದು ಡಿಗ್ರಿ ತಂಪಿನಾಗ ಇಟ್ಟು, ನಡುಮಧ್ಯಾಹ್ನದ ಬಿಸಿಲಿನಷ್ಟು ಬೆಳಕು ಕಣ್ಣು ಮಿಟುಕಿಸೋದ್ರಾಗ ಒಮ್ಮೆ ಬಿಡ್ತಾರ. ಆಗ ಎಷ್ಟು ಬರ್ತದ, ಅಷ್ಟು ಬರೀತಾರ. ಪ್ಲೇಟ್ ಬಿಸಿ ಆಗ್ಲಿಕ್ಕೇ ಬಿಡಂಗಿಲ್ಲ."

ಸಿಸ್ಟರ್ ಏಣಿ ಹತ್ತಿದರು. ಕೂಸಿನ ಹಣೆ ಮುಟ್ಟುವಂತೆ ಪ್ಲೇಟಿಗೆ ಅಂಗೈ ಇಟ್ಟು, ಚಟ್ಟನೆ ತೆಗೆದರು.

"ಉರಿ ಬಂದಾವ ಇದಕ್ಕ."

ಅವನಿಗೆ ನಗು. "ಗಾಜಿಗೆ ಜ್ವರ ಬರ್ತಾವೇನ್ರೀ ಸಿಸ್ಟರ್?"

"ನೀನೇ ಹೇಳಿದಿಯಲ್ಲ, ತಂಪಿನಾಗ ಅಳೀತಾರಂತ. ಇದು ಉಣ್ಣೋದು ಬೆಳಕು, ಕಾವಲ್ಲ; ಕಾವಿಗೆ ಸೊರಗ್ತದ. ನಾವು ಎರಡಕ್ಕೂ ಬಿಸಿಲು ಅಂತೀವಿ, ಅಲ್ಲೇ ತಪ್ಪೀವಿ. ಎತ್ತು ಇದನ್ನ, ಕೆಳಗ ಗಾಳಿ ಆಡಲಿ."

ಅವನು ನಗು ನಿಲ್ಲಿಸಿ ಯೋಚಿಸಿದ. ಮರುದಿನ ಕಬ್ಬಿಣದ ಕಾಲು ತಂದು ಪ್ಲೇಟು ಎತ್ತಿದ. ಕೋಣೆಯಲ್ಲಿ ಅಳೆದಷ್ಟು ವ್ಯಾಟು ನಮಗೆ ಬರಲಿಲ್ಲ. ಫ್ರಿಜ್ಜಿಗೆ ಬೇಕಾದಷ್ಟು ಬಂತು. ಲಸಿಕೆ ಮರಳಿ ಬಂತು, ಮಹಾಗಾಂವದ ಕೂಸುಗಳೂ ಬಂದವು.

ಹೋದ ಬೇಸಿಗೆಯಲ್ಲಿ ಸಿಸ್ಟರಿಗೇ ಉರಿ ಬಂದವು. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತೆ… ಉರಿ ಇಳಿಯಲಿಲ್ಲ, ಅವರೂ ಉಳಿಯಲಿಲ್ಲ.

ಮೊನ್ನೆ ಬಂದವರೂ ಪ್ಲೇಟನ್ನು ತಗಡಿಗೆ ತಾಗಿಸಿಯೇ ಬಿಗಿಯುತ್ತಿದ್ದರು. ಎತ್ತಿರಿ ಎಂದೆ. ಸ್ವಲ್ಪ ಎತ್ತಿದರು.

"ಇನ್ನೊಂದು ಗೇಣು."

"ಸಾಕ್ರೀ ಅಕ್ಕಾ, ಏನು ವಿಮಾನ ಹಾರಸ್ತೀರೇನು?"

"ಇನ್ನೊಂದು ಗೇಣು" ಎಂದೆ.

ಎತ್ತಿದರು. ಕೆಳಗೆ ಕೈ ಚಾಚಿದೆ. ಗಾಳಿ ಆಡುತ್ತಿತ್ತು. ಇಷ್ಟು ಸಾಕೇ ಸಿಸ್ಟರ್ ಎಂದು ಕೇಳಲು ಪಕ್ಕಕ್ಕೆ ತಿರುಗಿದೆ… ಅಲ್ಲಿ ಬರೀ ಬಿಸಿಲಿತ್ತು.