ಚಾವಿ ಕೊಟ್ಟು ಹಗ್ಗ ಇಟ್ಟುಕೊಂಡವನು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಅದಕ್ಕೇ ಅಪ್ಪ ಮೂರು ವರ್ಷ ಬೈಕಿಗೆ ಒಪ್ಪಿರಲಿಲ್ಲ. "ನಿನ್ನ ಕೈಯಾಗ ಅಂಥಾ ಗಾಡಿ ಕೊಟ್ರ ಯಾರದರ ಹೆಣಾ ಬೀಳ್ತೈತಿ," ಎನ್ನುತ್ತಿದ್ದ. ಕೊನೆಗೆ ಮೆತ್ತಗಾಗಿ, ತಾನೇ ನೋಡಿ ಕೊಡಿಸುತ್ತೇನೆಂದು ಹಾನಗಲ್‌ನಿಂದ ನನ್ನ ಜೊತೆ ಹಿರೇಕೆರೂರಿಗೆ ಬಸ್ಸು ಹತ್ತಿದ.

ಗಾಡಿ ಮಾರುವವನು ನನ್ನ ವಾರಿಗೆಯ ರೈತ. ಅಂಗಳದಲ್ಲಿ ಒಣಹಾಕಿದ ಗೋವಿನಜೋಳದ ಪಕ್ಕ ಆ ಹಳೆಯ ಕ್ರೂಸರ್ ಬೈಕು ನಿಂತಿತ್ತು. ಉದ್ದ ಮೈ, ತಗ್ಗು ಸೀಟು, ಅಗಲ ಹ್ಯಾಂಡಲ್. ಶುರು ಮಾಡಿದರೆ ನನ್ನ ಎದೆಯೊಳಗೇ ಗುಡುಗಿತು. ಅಯ್ಯೋ, ಅವತ್ತೇ ಸವಣೂರಿನ ತನಕ ಹೊಡಕೊಂಡು ಹೋಗುವ ಹುಚ್ಚು ನನಗೆ! ರೊಕ್ಕ ಕೊಟ್ಟೆವು, ಕಾಗದಕ್ಕೆ ಸಹಿ ಬಿತ್ತು.

ಆಗ ಅವನು ಚರ್ಮದ ಪಟ್ಟಿಯಿಂದ ಚಾವಿ ಬಿಚ್ಚಿ ನನ್ನ ಕೈಗಿಟ್ಟ. ಪಟ್ಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಅದನ್ನೂ ಕೊಡ್ರಿ," ಅಂದೆ.

"ಅದನ್ನ ಕೊಡಾಕ ಬರೂದಿಲ್ರಿ."

ಮುಷ್ಟಿಯೊಳಗೆ ಎರಡನೇ ಚಾವಿ ಅಡಗಿಸಿದ್ದಾನೆ, ನಾಳೆ ಬಂದು ಗಾಡಿ ಕದಿಯುತ್ತಾನೆ ಅನ್ನಿಸಿದ್ದೇ ತಡ, ಮೈಯೆಲ್ಲ ಉರಿದುಹೋಯಿತು. "ಕಳ್ಳ ಸೂಳಿಮಗನ!" ಎಂದು ಮಾರಿಗೇ ಗುದ್ದಿದೆ. ತುಟಿ ಒಡೆದು ರಕ್ತ ಜೋಳದ ಮೇಲೆ ಹಾರಿತು. ಅವನೇನು ಬಳೆ ತೊಟ್ಟಿದ್ದನೇ? ನನ್ನ ಹೊಟ್ಟೆಗೆ ಒದ್ದ. ಕೊರಳಪಟ್ಟಿ ಹಿಡಿದು ಕೆಡವಿದೆ, ಎದೆಯ ಮೇಲೆ ಕೂತೆ, ಮುಚ್ಚಿದ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸಿದೆ. ಒಂದು ಬೆರಳು ಲಟ್ಟೆಂದಿತು. ಅವನ ಅವ್ವ ಓಡಿಬಂದು ನನ್ನ ಬೆನ್ನಿಗೆ ಬಡಿಯತೊಡಗಿದಳು. "ಬಿಡೋ ಬಾಡ್ಯಾ, ಸಾಯ್ತಾನೋ!"

ಮುಷ್ಟಿ ಬಿಚ್ಚಿತು. ಒಳಗೆ ಬರೀ ಪಟ್ಟಿ.

"ಇನ್ನೊಂದು ಚಾವಿ ಕಾಗದದ ಜೋಡಿ ನನಗ ಕೊಟ್ಟಾನಲೇ," ಅಂದ ಅಪ್ಪ. "ಆ ಪಟ್ಟಿ ಅವಗ ಹಗ್ಗ ಇದ್ದಂಗ. ಎತ್ತು ಮಾರಿದ್ರ ನಾವು ಹಗ್ಗ ಕೊಡ್ತೀವೇನು?"

ದನ ಮಾರಿದವನು ಹಗ್ಗ ಉಳಿಸಿಕೊಳ್ಳುತ್ತಾನೆ. ಹಗ್ಗ ಕೊಟ್ಟರೆ ಅದರ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆಂಬ ನಂಬಿಕೆ. ದನದ ಸಂತೆ ತಿರುಗಿಯೇ ಬೆಳೆದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೈಕಿಗೂ ಹಗ್ಗ ಇರುತ್ತದೆಂದು ಹೊಳೆಯಲಿಲ್ಲ. ನಾಚಿಕೆಯಿಂದ ಸತ್ತೆ.

ಅಪ್ಪ ನನ್ನ ಚಾವಿಯನ್ನೂ ಇಸಿದುಕೊಂಡು ಎರಡೂ ಚಾವಿಗಳನ್ನು ಆ ಅವ್ವನ ಮುಂದಿಟ್ಟ. ಇನ್ನು ನನ್ನ ಕೆನ್ನೆಗೆ ಬಾರಿಸುತ್ತಾನೆಂದು ಕಣ್ಣು ಮುಚ್ಚಿದೆ. ಸಣ್ಣವನಿದ್ದಾಗ ಬಾರುಕೋಲಿನಿಂದ ಬಡಿದವನು ಅವನು. ಬಾರಿಸಲಿಲ್ಲ. ಅವಳಿಗೆ ಕೈ ಮುಗಿದ.

"ನಮಗ ಗಾಡಿ ಬ್ಯಾಡ್ರಿ ಯವ್ವಾ. ನಿಮ್ಮ ಮಗನ್ನ ದವಾಖಾನಿಗೆ ನಾ ಕರಕೊಂಡು ಹೋಗ್ತೇನಿ. ಹೊಡಿಯೂದು ಇವಗ ನಾನ ಕಲಿಸಿದ್ದು."